ದಿ ಮೂನ್‌ಸ್ಟೋನ್: ಶ್ರೀರಂಗಪಟ್ಟಣದ ಲೂಟಿ ಮತ್ತು ಸಾಮ್ರಾಜ್ಯಶಾಹಿಯ ವಿಮರ್ಶೆ

ದಿ ಮೂನ್‌ಸ್ಟೋನ್ ಎಂಬುದು ಇಂಗ್ಲಿಷ್ ಲೇಖಕ ವಿಲ್ಕಿ ಕಾಲಿನ್ಸ್ (1824–1889) 1868ರಲ್ಲಿ ಪ್ರಕಟಿಸಿದ ಪತ್ತೇದಾರಿ ಕಾದಂಬರಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನನ ಆಯುಧಾಗಾರದಿಂದ ಕಳುವಾದ ಒಂದು ಹಳದಿ ವಜ್ರದ ಸುತ್ತ ಇದರ ಕಥೆ ಹೆಣೆದುಕೊಂಡಿದೆ. ವಜ್ರ ಕಲ್ಪಿತ, ಕೋಟೆ ಬಿದ್ದದ್ದೂ ಊರು ಲೂಟಿಯಾದದ್ದೂ ನಿಜ. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಈ ಕೃತಿಯನ್ನು ಕವಿ ಟಿ. ಎಸ್. ಎಲಿಯಟ್ ಆ ಪ್ರಕಾರದ ಆದ್ಯ ಮತ್ತು ಶ್ರೇಷ್ಠ ಕೃತಿಯೆಂದು ಎಣಿಸಿದ. 1970ರ ದಶಕದಿಂದೀಚೆಗೆ ವಿಮರ್ಶಕರ ಗಮನ ಕಳವಿನ ಒಗಟಿನಿಂದ ಸರಿದು, ಬ್ರಿಟಿಷ್ ಸಾಮ್ರಾಜ್ಯದ ಬಗ್ಗೆ ಕಾದಂಬರಿ ತಳೆದ ನಿಲುವಿನ ಕಡೆಗೆ ತಿರುಗಿದೆ.

ಈ ಲೇಖನದಲ್ಲಿ ‘ಲೂಟಿ’ ಎಂದರೆ ಅಪ್ಪಣೆಯಿಲ್ಲದೆ ಸೈನಿಕರು ಕೈಗೆ ಸಿಕ್ಕಿದ್ದನ್ನು ದೋಚಿದ್ದು. ‘ಯುದ್ಧಲಬ್ಧ ಸಂಪತ್ತು’ ಎಂದರೆ ಗೆದ್ದ ಸೇನೆ ಲೆಕ್ಕವಿಟ್ಟು, ಬೆಲೆ ಕಟ್ಟಿ, ದರ್ಜೆಗೆ ತಕ್ಕಂತೆ ಹಂಚಿಕೊಂಡದ್ದು. ಕಾದಂಬರಿಯನ್ನು ಅರಿಯಲು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಐತಿಹಾಸಿಕ ಹಿನ್ನೆಲೆ

ಕಾವೇರಿಯ ದ್ವೀಪವಾದ ಶ್ರೀರಂಗಪಟ್ಟಣ ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಸುತ್ತಲ ಸೀಮೆಯೆಲ್ಲ ಬ್ರಿಟಿಷರೊಡನೆ ನಡೆದ ಮೈಸೂರು ಯುದ್ಧಗಳ ಬಿಸಿ ಉಂಡಿದೆ. ಇಂದಿನ ಪಾಂಡವಪುರದ ಬಳಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬಿಡಾರವಿತ್ತು. ಅದರಿಂದಲೇ ಹಿರೋಡೆ ಎಂಬ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದು ಬಹುಕಾಲ ಉಳಿಯಿತು. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಗೆದ್ದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್, ದನಕರು ಸತ್ತು ದವಸ ತೀರಿದ್ದರಿಂದ ಪಟ್ಟಣಕ್ಕೆ ಮುತ್ತಿಗೆ ಹಾಕಲಾರದೆ, ಕನ್ನಂಬಾಡಿಯಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ.

ನಾಲ್ಕನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೇನೆ ಮಳವಳ್ಳಿಯಲ್ಲಿ ಕಾದಾಡಿ, ಸೋಸಲೆಯ ಬಳಿ ಕಾವೇರಿಯನ್ನು ದಾಟಿ, 1799ರ ಏಪ್ರಿಲ್ ಆರಂಭದಲ್ಲಿ ಕೋಟೆಯ ಪಶ್ಚಿಮಕ್ಕೆ ಬೀಡುಬಿಟ್ಟಿತು. ನಿಜಾಮನ ಪಡೆ ಅದರ ಜೊತೆಯಲ್ಲೇ ಬಂದಿತ್ತು; ಮುಂಬಯಿಯ ಸೇನೆ ಆಮೇಲೆ ಕೂಡಿಕೊಂಡಿತು. ಮೇ 4ರ ಮಧ್ಯಾಹ್ನ ಮೇಜರ್ ಜನರಲ್ ಡೇವಿಡ್ ಬೇರ್ಡ್ ಮುಂದಾಳಾಗಿ ವಾಯವ್ಯ ಮೂಲೆಯ ಒಡಕಿನ ಮೂಲಕ ಪಡೆ ಒಳನುಗ್ಗಿತು. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು, ಇದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ 1784ರವರೆಗೆ ಕಳೆದವನು ಈ ಬೇರ್ಡ್. ಟಿಪ್ಪು ಕೋಟೆಯ ದಿಡ್ಡಿಬಾಗಿಲ ಬಳಿ ಹೋರಾಡುತ್ತ ಮಡಿದ. ಕತ್ತಲಾದ ಮೇಲೆ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಅವನ ದೇಹ ಸಿಕ್ಕಿತು. ಮರುದಿನ ಗಂಜಾಂ ಬಳಿಯ ಗುಂಬಜ್‌ನಲ್ಲಿ ತಂದೆತಾಯಿಯ ಪಕ್ಕದಲ್ಲಿ ಅವನನ್ನು ಮಣ್ಣುಮಾಡಲಾಯಿತು.

ಆ ರಾತ್ರಿ ಊರು ಲೂಟಿಯಾಯಿತು. ದೋಚದೆ ಉಳಿದ ಮನೆ ಇಲ್ಲವೆಂಬಷ್ಟು ಲೂಟಿ ನಡೆದಿದೆ ಎಂಬ ಅರ್ಥದಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತನ್ನ ಅಣ್ಣನಾದ ಗವರ್ನರ್ ಜನರಲ್‌ಗೆ ಬರೆದ. ಮೇ 5ರಂದು ಊರಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಹೊಡೆಸಿ ಲೂಟಿಯನ್ನು ನಿಲ್ಲಿಸಿದ. ಲೂಟಿ ನಿಂತಲ್ಲಿ ಹಂಚಿಕೆ ಶುರುವಾಯಿತು. ಅಧಿಕಾರಿಗಳದೇ ಒಂದು ಸಮಿತಿ ಖಜಾನೆ, ಒಡವೆ, ಬಟ್ಟೆಬರೆ, ಆಯುಧಗಳಿಗೆ ಬೆಲೆ ಕಟ್ಟಿತು. ಚಿನ್ನದ ತಗಡು ಹೊದಿಸಿದ ಟಿಪ್ಪುವಿನ ಸಿಂಹಾಸನವನ್ನು ಪಾಲು ಹಂಚಲೆಂದು ಒಡೆದು ತುಂಡುಮಾಡಿದರು. ಅದರ ಹುಮಾ ಹಕ್ಕಿ ಮತ್ತು ಹುಲಿತಲೆ ಬ್ರಿಟನ್ನಿನ ರಾಜಮನೆತನಕ್ಕೆ ಸೇರಿದವು. ಸಣ್ಣ ಹುಲಿತಲೆಗಳು ಹಲವರ ಕೈಗೆ ಹೋದವು. ಬಿಳಿಯ ಸೈನಿಕನ ಮೇಲೆ ಎರಗಿದ ಹುಲಿಯ ಯಂತ್ರಗೊಂಬೆ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ಗೆ, ಅರಮನೆಯ ಗ್ರಂಥಭಂಡಾರ ಈಸ್ಟ್ ಇಂಡಿಯಾ ಕಂಪನಿಯ ಸಂಸ್ಥೆಗಳಿಗೆ, ಟಿಪ್ಪು ತನ್ನ ಕೈಯಾರೆ ಬರೆದಿಟ್ಟ ಕನಸುಗಳ ಹೊತ್ತಗೆ ಕಂಪನಿಯ ನಿರ್ದೇಶಕರಿಗೆ ಸಂದವು. ಸೈನಿಕರಿಗೆ ಹಂಚಿದ ಪದಕದ ಮೇಲೆ ಸಿಂಹವು ಹುಲಿಯನ್ನು ಮೆಟ್ಟಿ ನಿಂತ ಚಿತ್ರವಿತ್ತು.

ಕೃತಿಯ ಹುಟ್ಟು

ಕಾಲಿನ್ಸ್ ಎಂದೂ ಭಾರತಕ್ಕೆ ಬಂದವನಲ್ಲ. ಆದರೆ ಶ್ರೀರಂಗಪಟ್ಟಣ ಅವನ ಬಾಲ್ಯದ ಆಸುಪಾಸಿನಲ್ಲೇ ಇತ್ತು. ಅವನ ತಂದೆ ವಿಲಿಯಂ ಕಾಲಿನ್ಸ್ ಚಿತ್ರಕಾರ. ತಂದೆಯ ಗೆಳೆಯ ಸರ್ ಡೇವಿಡ್ ವಿಲ್ಕಿ ಹುಡುಗನ ಧರ್ಮಪಿತ, ‘ವಿಲ್ಕಿ’ ಎಂಬ ಹೆಸರೂ ಅವನಿಂದಲೇ ಬಂದದ್ದು. ಟಿಪ್ಪುವಿನ ಶವವನ್ನು ಬೇರ್ಡ್ ಪತ್ತೆಹಚ್ಚುವ ದೊಡ್ಡ ವರ್ಣಚಿತ್ರವನ್ನು ಬೇರ್ಡ್‌ನ ವಿಧವೆಗಾಗಿ ಬರೆದು 1839ರಲ್ಲಿ ಪ್ರದರ್ಶಿಸಿದವನು ಇದೇ ಡೇವಿಡ್ ವಿಲ್ಕಿ. ಥಿಯೊಡರ್ ಹುಕ್ ಬರೆದ ಬೇರ್ಡ್ ಜೀವನಚರಿತ್ರೆ (1832) ಕಾದಂಬರಿಯ ಯುದ್ಧವಿವರಗಳಿಗೆ ಆಧಾರವೆಂದು ಸಂಪಾದಕರು ಗುರುತಿಸಿದ್ದಾರೆ.

ವಜ್ರದ ಮೂಲವನ್ನು ಕಾಲಿನ್ಸನೇ ಮುನ್ನುಡಿಯಲ್ಲಿ ಸೂಚಿಸಿದ್ದಾನೆ: ಒಂದು ರಷ್ಯದ ರಾಜದಂಡದ ವಜ್ರ, ಇನ್ನೊಂದು ಕೊಹಿನೂರ್. ರಷ್ಯದ ವಜ್ರ ಕಾವೇರಿಯದೇ ಇನ್ನೊಂದು ದ್ವೀಪವಾದ ಶ್ರೀರಂಗದ ರಂಗನಾಥನ ಕಣ್ಣಿನಿಂದ ಕಳುವಾಯಿತು ಎಂಬ ಐತಿಹ್ಯವಿದೆ. ಕೊಹಿನೂರ್ 1849ರಲ್ಲಿ ಪಂಜಾಬ್ ಕಂಪನಿಯ ವಶವಾದಾಗ ಬ್ರಿಟಿಷರ ಕೈಸೇರಿ, 1850ರಲ್ಲಿ ವಿಕ್ಟೋರಿಯಾ ರಾಣಿಗೆ ಒಪ್ಪಿಸಲ್ಪಟ್ಟು, 1851ರ ಮಹಾ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. ಕಾದಂಬರಿಯ ಮುಖ್ಯ ಕಥೆ ನಡೆಯುವುದೂ 1848ರಿಂದ 1850ರ ನಡುವೆ.

1857ರ ದಂಗೆಯ ನಂತರ ಇಂಗ್ಲೆಂಡಿನಲ್ಲಿ ಭಾರತೀಯರ ಮೇಲೆ ಎದ್ದ ಸಿಟ್ಟಿನಲ್ಲಿ ಕಾಲಿನ್ಸನ ಆಪ್ತನೂ ಹಿರಿಯನೂ ಆದ ಚಾರ್ಲ್ಸ್ ಡಿಕನ್ಸ್ ಪಾಲ್ಗೊಂಡಿದ್ದ. ಖಾಸಗಿ ಪತ್ರವೊಂದರಲ್ಲಿ ಇಡೀ ಜನಾಂಗವನ್ನೇ ನಿರ್ಮೂಲ ಮಾಡುವ ಮಾತಾಡಿದ. ಆ ಹೊತ್ತಿನಲ್ಲಿ ಕಾಲಿನ್ಸ್ ಸಿಪಾಯಿಗಳಿಗೊಂದು ಉಪದೇಶ ಎಂಬ ಅರ್ಥದ ತಲೆಬರಹದಲ್ಲಿ 1858ರಲ್ಲಿ ಬರೆದ ಲೇಖನಕ್ಕೆ ಆರಿಸಿಕೊಂಡದ್ದು ಷಹಜಹಾನನ ಕಾಲದ ಒಂದು ನೀತಿಕಥೆಯನ್ನು. ಇಬ್ಬರ ದನಿ ಬೇರೆಯಾಗಿತ್ತು ಎನ್ನಲು ವಿಮರ್ಶಕರು ಇದನ್ನು ಮುಂದಿಡುತ್ತಾರೆ. ಆದರೂ ದಿ ಮೂನ್‌ಸ್ಟೋನ್ ಧಾರಾವಾಹಿಯಾಗಿ ಬಂದದ್ದು ಡಿಕನ್ಸನ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲೇ: 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ. ಅದೇ ವರ್ಷ ಮೂರು ಸಂಪುಟಗಳಲ್ಲಿ ಪುಸ್ತಕವೂ ಹೊರಬಂತು.

ಕಥೆ ಮತ್ತು ರಚನೆ

ಪೂರ್ವಪೀಠಿಕೆ ಶ್ರೀರಂಗಪಟ್ಟಣದ ಮುತ್ತಿಗೆಯ ಕಥೆ. ಒಂದು ಕುಟುಂಬದ ಕಾಗದಪತ್ರಗಳಿಂದ ತೆಗೆದದ್ದು ಎಂಬ ರೂಪದಲ್ಲಿ ಅದು ಬರುತ್ತದೆ. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ವಜ್ರ ಘಜ್ನಿ ಮಹಮೂದನ ಕೈಗೆ ಸಿಗದೆ ಕಾಶಿ ಸೇರಿತು. ವಿಷ್ಣುವಿನ ಆಣತಿಯಂತೆ ಮೂವರು ಬ್ರಾಹ್ಮಣರು ತಲೆಮಾರುಗಳಿಂದ ಅದನ್ನು ಕಾದರು. ಔರಂಗಜೇಬನ ಸೇನಾಧಿಕಾರಿಯೊಬ್ಬ ಅದನ್ನು ಕಿತ್ತುಕೊಂಡ. ಕೈಯಿಂದ ಕೈಗೆ ಹೋಗಿ ಕೊನೆಗೆ ಟಿಪ್ಪುವಿನ ಬಳಿ ಬಂದಾಗ ಅವನು ಅದನ್ನು ಒಂದು ಕಠಾರಿಯ ಹಿಡಿಯಲ್ಲಿ ಕೂರಿಸಿದ. ಮುತ್ತಿಗೆಯ ಹಿಂದಿನ ಬಿಡಾರದಲ್ಲಿ ಈ ಕಥೆಯನ್ನು ನಂಬಿದವನು ಇಂಗ್ಲಿಷ್ ಸೇನಾಧಿಕಾರಿ ಜಾನ್ ಹರ್ನ್‌ಕ್ಯಾಸಲ್ ಒಬ್ಬನೇ. ಪಟ್ಟಣ ಬಿದ್ದರೆ ವಜ್ರವನ್ನು ತನ್ನ ಬೆರಳಲ್ಲಿ ನೋಡಿ ಎಂದು ಅವನು ಕೊಚ್ಚಿಕೊಳ್ಳುತ್ತಾನೆ.

ಮುಂದಿನ ದೃಶ್ಯದಲ್ಲಿ ಆಯುಧಾಗಾರದ ಬಾಗಿಲಿಗೆ ಬಂದ ನಿರೂಪಕ ಹರ್ನ್‌ಕ್ಯಾಸಲ್‌ನ ಸೋದರಸಂಬಂಧಿ. ಅವನು ಕಾಣುವುದಿಷ್ಟು: ಹೊಸ್ತಿಲಲ್ಲಿ ಇಬ್ಬರು ಭಾರತೀಯರ ಹೆಣ, ಒಳಗೆ ಒಂದು ಕೈಯಲ್ಲಿ ಪಂಜು ಮತ್ತೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದ ಹರ್ನ್‌ಕ್ಯಾಸಲ್, ಅವನ ಕಾಲಬುಡದಲ್ಲಿ ಸಾಯುತ್ತಿರುವ ಮೂರನೆಯವನು. ಸಾಯುವವನು ಕಠಾರಿಯನ್ನು ತೋರಿಸಿ, ಅದು ನಿನ್ನ ಮೇಲೂ ನಿನ್ನವರ ಮೇಲೂ ಸೇಡು ತೀರಿಸುತ್ತದೆ ಎಂಬ ಶಾಪ ಹಾಕುತ್ತಾನೆ. ‘ತನ್ನ ನಾಡಿನ ಭಾಷೆಯಲ್ಲಿ’ ಆಡಿದ ಎಂದಷ್ಟೇ ಕಾದಂಬರಿ ಹೇಳುತ್ತದೆ. ಯಾವ ಭಾಷೆಯೆಂದು ಹೇಳುವುದಿಲ್ಲ. ಕಳ್ಳರು ಸಿಕ್ಕಿಬಿದ್ದರೆ ನೇಣು ಎಂದು ಜನರಲ್ ಬೇರ್ಡ್ ಸಾರಿದ್ದಾನೆ. ಆದರೆ ಕೊಲೆ ತನ್ನ ಕಣ್ಣೆದುರು ನಡೆಯಲಿಲ್ಲ, ಸಾಕ್ಷ್ಯ ಸಾಲದು ಎಂದು ನಿರೂಪಕ ದೂರು ಕೊಡುವುದಿಲ್ಲ. ಮೂರು ಕೊಲೆಗಳ ವೃತ್ತಾಂತ ಮನೆಯವರಿಗೆ ಬರೆದ ಪತ್ರವಾಗಿಯೇ ಉಳಿಯುತ್ತದೆ.

ಮುಖ್ಯ ಕಥೆ ಇಂಗ್ಲೆಂಡಿನದು. ಹರ್ನ್‌ಕ್ಯಾಸಲ್ ಸಾಯುವಾಗ ವಜ್ರವನ್ನು ಸೋದರ ಸೊಸೆ ರೇಚಲ್ ವೆರಿಂಡರ್‌ಗೆ ಬಿಟ್ಟುಹೋಗುತ್ತಾನೆ. 1848ರ ಜೂನ್ 21ರಂದು, ಅವಳ ಹದಿನೆಂಟನೆಯ ಹುಟ್ಟುಹಬ್ಬದ ರಾತ್ರಿ, ಯಾರ್ಕ್‌ಷೈರ್‌ನ ಮನೆಯಿಂದ ಅದು ಕಾಣೆಯಾಗುತ್ತದೆ. ಊರಲ್ಲಿ ಗಾರುಡಿಗರ ವೇಷದಲ್ಲಿ ತಿರುಗುತ್ತಿದ್ದ ಮೂವರು ಭಾರತೀಯರ ಮೇಲೆ ಮೊದಲ ಅನುಮಾನ. ಅವರ ವಿರುದ್ಧ ಪುರಾವೆ ಇಲ್ಲದಿದ್ದರೂ ಕಾನೂನನ್ನು ಬಗ್ಗಿಸಿ ಒಂದು ವಾರ ಸೆರೆಯಲ್ಲಿಡುತ್ತಾರೆ. ವಾಸ್ತವದಲ್ಲಿ ವಜ್ರವನ್ನು ತೆಗೆದವನು ರೇಚಲ್‌ಳನ್ನು ಪ್ರೀತಿಸುವ ಫ್ರಾಂಕ್ಲಿನ್ ಬ್ಲೇಕ್. ಗುಟ್ಟಾಗಿ ಕುಡಿಸಿದ ಅಫೀಮಿನ ಮತ್ತಿನಲ್ಲಿ, ತನಗೇ ಅರಿವಿಲ್ಲದೆ. ಅವನ ಕೈಯಿಂದ ಅದು ಧರ್ಮಕಾರ್ಯಗಳಿಗೆ ಹೆಸರಾದ ಗಾಡ್‌ಫ್ರಿ ಏಬಲ್‌ವೈಟ್‌ನ ಪಾಲಾಗುತ್ತದೆ. ವಜ್ರವನ್ನು ಆಮ್‌ಸ್ಟರ್‌ಡ್ಯಾಮಿಗೆ ಒಯ್ದು ತುಂಡುತುಂಡಾಗಿ ಕೊಯ್ಯಿಸಲು ಹೊರಟ ಏಬಲ್‌ವೈಟ್, ಮುಖಕ್ಕೆ ಕಪ್ಪು ಬಳಿದು ನಾವಿಕನ ವೇಷದಲ್ಲಿದ್ದಾಗ ಲಂಡನ್ನಿನ ವಸತಿಗೃಹವೊಂದರಲ್ಲಿ ಆ ಮೂವರ ಕೈಯಲ್ಲಿ ಸಾಯುತ್ತಾನೆ. ಉಪಸಂಹಾರದಲ್ಲಿ ಮರ್ತ್‌ವೇಟ್ ಎಂಬ ಪ್ರವಾಸಿ 1850ರಲ್ಲಿ ಕಾಠಿಯಾವಾಡದಿಂದ ಬರೆಯುತ್ತಾನೆ: ವಜ್ರ ಚಂದ್ರದೇವನ ಹಣೆಯನ್ನು ಮತ್ತೆ ಸೇರಿದೆ, ಕಡಲು ದಾಟಿ ಜಾತಿ ಕಳೆದುಕೊಂಡ ಮೂವರು ಬ್ರಾಹ್ಮಣರು ಪ್ರಾಯಶ್ಚಿತ್ತಕ್ಕಾಗಿ ಮೂರು ದಿಕ್ಕಿಗೆ ಹೊರಟಿದ್ದಾರೆ.

ಕಥೆಯನ್ನು ಹಲವರು ಸರದಿಯಲ್ಲಿ ಹೇಳುತ್ತಾರೆ: ರಾಬಿನ್ಸನ್ ಕ್ರೂಸೋ ಪುಸ್ತಕವನ್ನು ಶಾಸ್ತ್ರದಂತೆ ತೆರೆದು ಭವಿಷ್ಯ ನೋಡುವ ಮುದುಕ ಮನೆವಾರ್ತೆಗಾರ ಬೆಟರೆಡ್ಜ್, ಧಾರ್ಮಿಕ ಕರಪತ್ರ ಹಂಚುವ ಮಿಸ್ ಕ್ಲಾಕ್, ವಕೀಲ ಬ್ರಫ್, ಬ್ಲೇಕ್, ವೈದ್ಯನ ಸಹಾಯಕ ಎಜ್ರಾ ಜೆನ್ನಿಂಗ್ಸ್, ಪತ್ತೇದಾರ ಸಾರ್ಜೆಂಟ್ ಕಫ್. ಆ ಮೂವರು ಭಾರತೀಯರಲ್ಲಿ ಒಬ್ಬನಿಗೂ ಕಥೆ ಹೇಳುವ ಸರದಿ ಬರುವುದಿಲ್ಲ.

ವಿಮರ್ಶೆಯ ನಿಲುವುಗಳು

ಸಾಮ್ರಾಜ್ಯದ ಪ್ರಶ್ನೆಯನ್ನು ಕೇಂದ್ರಕ್ಕೆ ತಂದವನು ಜಾನ್ ಆರ್. ರೀಡ್. 1973ರ ಲೇಖನದಲ್ಲಿ ಅವನು, ಕಾದಂಬರಿಯ ಮೂಲ ಅಪರಾಧ ಯಾರ್ಕ್‌ಷೈರ್‌ನ ಕಳವಲ್ಲ, ಇಂಗ್ಲಿಷರು ಒಪ್ಪಿಕೊಳ್ಳದೆ ಹೋದ ಶ್ರೀರಂಗಪಟ್ಟಣದ ಅಪರಾಧ ಎಂದು ವಾದಿಸಿದ. ಈ ಓದಿಗೆ ಪಠ್ಯದಲ್ಲಿ ಬಲವಾದ ಆಧಾರಗಳಿವೆ. ಕಾದಂಬರಿಯಲ್ಲಿ ಕಳ್ಳರೆಲ್ಲ ಇಂಗ್ಲಿಷ್ ಸಭ್ಯಗೃಹಸ್ಥರು. ವಜ್ರಕ್ಕಾಗಿ ಸರ್ವಸ್ವವನ್ನೂ ತೆತ್ತವರು ಭಾರತೀಯರು. ವಜ್ರ ಕೊನೆಗೆ ತನ್ನ ಸ್ಥಾನಕ್ಕೆ ಮರಳುತ್ತದೆ. ಕೊಹಿನೂರ್ ರಾಣಿಯ ವಶವಾಗಿದ್ದ ಕಾಲದ ಓದುಗರ ಮುಂದೆ ಇಂಥ ಮುಕ್ತಾಯವನ್ನಿಡಲು ಎದೆಗಾರಿಕೆ ಬೇಕಿತ್ತು.

ಲಿಲಿಯನ್ ನೇಡರ್ ಇದೇ ದಾರಿಯಲ್ಲಿ ಮುಂದೆ ಹೋಗಿ, ಬೆಟರೆಡ್ಜ್‌ನ ಕ್ರೂಸೋ ಭಕ್ತಿಯನ್ನು ಸಾಮ್ರಾಜ್ಯದ ನಂಬಿಕೆಗಳ ಮೇಲಿನ ಟೀಕೆಯಾಗಿ ಓದಿದಳು. ಮನೆಯೊಳಗಿನ ಆಳುಕಾಳು ಮತ್ತು ಹೆಂಗಸರ ಅಧೀನತೆಯನ್ನು ಹೊರನಾಡಿನ ಆಳ್ವಿಕೆಯ ಜೊತೆ ಇಟ್ಟು ನೋಡಿದಳು. ಮೆಲಿಸಾ ಫ್ರೀ ಸಾಮ್ರಾಜ್ಯದಿಂದ ಬಂದ ಆಸ್ತಿ ತಲೆಮಾರಿಂದ ತಲೆಮಾರಿಗೆ ದಾಟುವ ಬಗೆಯನ್ನು ಚರ್ಚಿಸಿದಳು. ಅಫೀಮಿನ ಪಾತ್ರವೂ ಇಲ್ಲಿ ಮುಖ್ಯ. ಕಂಪನಿ ಭಾರತದಲ್ಲಿ ಬೆಳೆಸಿ ಚೀನಾಕ್ಕೆ ಸಾಗಿಸಲೆಂದು ಎರಡು ಯುದ್ಧಗಳು ನಡೆದ ಸರಕದು. ಸಂಧಿವಾತದ ನೋವಿಗೆ ಕಾಲಿನ್ಸ್ ಸ್ವತಃ ಅದರ ದ್ರಾವಣವನ್ನೇ ನೆಚ್ಚಿದ್ದ.

ಎದುರು ವಾದವೂ ಗಟ್ಟಿಯಾದದ್ದೇ. ಆಶಿಶ್ ರಾಯ್ 1993ರಲ್ಲಿ, ಈ ಕಾದಂಬರಿ ಸಾಮ್ರಾಜ್ಯವನ್ನು ಖಂಡಿಸುವುದಿಲ್ಲ, ಸಾಮ್ರಾಜ್ಯಶಾಹಿ ಕಥನದ ವ್ಯಾಕರಣವನ್ನೇ ಕಟ್ಟಿಕೊಡುತ್ತದೆ ಎಂದು ವಾದಿಸಿದ. ಇಯಾನ್ ಡಂಕನ್ 1994ರಲ್ಲಿ ಇಲ್ಲಿ ಕಂಡದ್ದು ಸಾಮ್ರಾಜ್ಯದ ದಿಗಿಲನ್ನು: ಇಂಗ್ಲಿಷರ ತಿಳಿವಳಿಕೆಗೂ ಹಿಡಿತಕ್ಕೂ ಸಿಗದ ಭಾರತವೊಂದು ಇಂಗ್ಲಿಷ್ ಮನೆಯೊಳಗೆ ಕಾಲಿಡುವ ಭಯ. ಜಯಾ ಮೆಹ್ತಾ ಇಂಗ್ಲಿಷ್ ಪ್ರಣಯಕಥೆ ಸುಖವಾಗಿ ಮುಗಿಯಲೆಂದು ಹಿಂಸೆಯ ಹೊರೆ ಭಾರತೀಯರ ಮೇಲೆ ಬೀಳುವುದನ್ನು ಗಮನಿಸಿದಳು. ಡಿ. ಎ. ಮಿಲ್ಲರ್ (1988) ಸಾಮ್ರಾಜ್ಯಕ್ಕಿಂತ ಪೊಲೀಸು ಕಣ್ಗಾವಲನ್ನು ಮುಖ್ಯವಾಗಿಸಿಕೊಂಡು, ಹಲವು ನಿರೂಪಕರಿದ್ದರೂ ಕಾದಂಬರಿ ನುಡಿಯುವುದು ಒಂದೇ ದನಿಯನ್ನು ಎಂದ.

ಮೈಸೂರಿನ ಕಡೆಯಿಂದ ನೋಡಿದಾಗ

ಈ ಚರ್ಚೆಗಳಲ್ಲಿ ಶ್ರೀರಂಗಪಟ್ಟಣ ಬಹುಪಾಲು ಒಂದು ಹೆಸರಾಗಿಯೇ ಉಳಿದಿದೆ. ಊರಿನ ಇತಿಹಾಸವನ್ನು ಪಠ್ಯದ ಪಕ್ಕಕ್ಕಿಟ್ಟು ನೋಡಿದರೆ ಎರಡು ಸಂಗತಿ ಎದ್ದು ಕಾಣುತ್ತವೆ.

ಮೊದಲನೆಯದು ಲೂಟಿ ಮತ್ತು ಯುದ್ಧಲಬ್ಧ ಸಂಪತ್ತಿನ ಭೇದ. ಕಾದಂಬರಿ ತೋರಿಸುವುದು ಲೂಟಿಯನ್ನು ಮಾತ್ರ. ಅಲ್ಲಿ ಕಳ್ಳ ಒಬ್ಬನೇ, ಅವನೂ ಮನೆತನಕ್ಕೆ ಕೆಟ್ಟ ಹೆಸರು ತಂದವನು. ಸೇನೆಯ ಮುಖ್ಯಸ್ಥ ಕಳ್ಳರನ್ನು ಶಿಕ್ಷಿಸಲು ನಿಂತ ನ್ಯಾಯವಂತ. ಸಮಿತಿ ಕೂತು ಬೆಲೆ ಕಟ್ಟಿದ್ದು, ಸಿಂಹಾಸನ ಒಡೆದದ್ದು, ದಂಡನಾಯಕನಿಂದ ಸಿಪಾಯಿಯವರೆಗೆ ಪಾಲು ನಿಗದಿಯಾದದ್ದು, ಯಾವುದರ ಸುಳಿವೂ ಇಲ್ಲ. ಹರ್ನ್‌ಕ್ಯಾಸಲ್ ಕಠಾರಿಯನ್ನು ಕದಿಯದೆ ಇದ್ದಿದ್ದರೆ ಅದು ಸಮಿತಿಯ ಪಟ್ಟಿಗೆ ಸೇರಿ, ಯಾರೋ ಅಧಿಕಾರಿಯ ಪಾಲಾಗಿ, ಕಾನೂನಿನ ಪ್ರಕಾರವೇ ಇಂಗ್ಲೆಂಡ್ ತಲುಪುತ್ತಿತ್ತು. ಈ ಸಾಧ್ಯತೆಯನ್ನು ಕಾದಂಬರಿ ಮುಟ್ಟುವುದಿಲ್ಲ. ವ್ಯಕ್ತಿಯ ಪಾಪವನ್ನು ಅದು ಧೈರ್ಯದಿಂದ ಎತ್ತಿ ತೋರಿಸುತ್ತದೆ, ವ್ಯವಸ್ಥೆಯ ಪಾಪವನ್ನು ಹೊರಗಿಡುತ್ತದೆ. ರೀಡ್‌ನ ಓದಿಗೆ ಇದು ಒಂದು ಮಿತಿ.

ಎರಡನೆಯದು ಒಡೆತನದ ಪ್ರಶ್ನೆ. ಮಹಮೂದ್, ಔರಂಗಜೇಬ್, ಟಿಪ್ಪು, ಹರ್ನ್‌ಕ್ಯಾಸಲ್ ಎಂಬ ಸಾಲಿನಲ್ಲಿ ಟಿಪ್ಪು ಕದ್ದ ಮಾಲನ್ನು ಇಟ್ಟುಕೊಂಡವನಾಗುತ್ತಾನೆ. ಭಾರತದ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಕಾಲಗಳೆಂದು ಹೋಳುಮಾಡಿದ ಜೇಮ್ಸ್ ಮಿಲ್‌ನ ಚರಿತ್ರೆಯ (1817) ನೆರಳು ಇಲ್ಲಿದೆ. ವಜ್ರ ಸೋಮನಾಥಕ್ಕೆ ಹೋದೊಡನೆ ನ್ಯಾಯ ಸಂದಂತಾಗುತ್ತದೆ. ಮೈಸೂರಿಗೆ ಏನೂ ಸಲ್ಲಬೇಕಾಗಿಲ್ಲ. ಕೋಟೆಯೊಳಗೆ ಟಿಪ್ಪುವಿನ ಅರಮನೆಗೆ ಕೂಗಳತೆಯಲ್ಲಿರುವ ಶ್ರೀರಂಗನಾಥನ ಗುಡಿ ಕಾದಂಬರಿಯಲ್ಲಿ ಬರುವುದೇ ಇಲ್ಲ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ದೋಚಿದಾಗ ನೆರವು ನೀಡಿ ಟಿಪ್ಪು ಬರೆದ ಕನ್ನಡ ಪತ್ರಗಳನ್ನು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಬೆಳಕಿಗೆ ತಂದರು. ಟಿಪ್ಪುವಿನ ಬಗ್ಗೆ ಕರ್ನಾಟಕದಲ್ಲಿ ಇಂದಿಗೂ ತೀವ್ರ ಭಿನ್ನಾಭಿಪ್ರಾಯಗಳಿವೆ. ಆದರೆ ದೇವಾಲಯದ ಒಡವೆ ದೋಚುವ ಸುಲ್ತಾನರ ಸಾಲಿಗೆ ಅವನನ್ನು ಸಲೀಸಾಗಿ ಸೇರಿಸುವ ಕಥನಕ್ಕೆ ಈ ದಾಖಲೆಗಳು ಒಗ್ಗುವುದಿಲ್ಲ. ಆ ರಾತ್ರಿ ಮನೆಮಠ ಕಳೆದುಕೊಂಡ ಊರಿನ ಜನ, ನೇಕಾರರು, ಅಂಗಡಿಕಾರರು, ಹೆಂಗಸರು ಪೂರ್ವಪೀಠಿಕೆಯಲ್ಲಿ ಪಾತ್ರಗಳೇ ಅಲ್ಲ.

ಇತರ ಕೃತಿಗಳು ಮತ್ತು ರೂಪಾಂತರಗಳು

ಮೈಸೂರು ಯುದ್ಧಗಳನ್ನು ಇಂಗ್ಲಿಷ್ ಕಾದಂಬರಿಗೆ ತಂದವರಲ್ಲಿ ಕಾಲಿನ್ಸ್ ಮೊದಲಿಗನಲ್ಲ. ವಾಲ್ಟರ್ ಸ್ಕಾಟ್‌ನ ‘ದಿ ಸರ್ಜನ್ಸ್ ಡಾಟರ್’ (1827), ಮೆಡೋಸ್ ಟೇಲರ್‌ನ ‘ಟಿಪ್ಪೂ ಸುಲ್ತಾನ್’ (1840) ಅವನಿಗಿಂತ ಹಿಂದಿನವು; ಹುಡುಗರಿಗಾಗಿ ಜಿ. ಎ. ಹೆಂಟಿ ಬರೆದ ‘ದಿ ಟೈಗರ್ ಆಫ್ ಮೈಸೂರ್’ (1896) ಆಮೇಲಿನದು. ಇವುಗಳಲ್ಲಿ ಟಿಪ್ಪು ಬಹುಮಟ್ಟಿಗೆ ಕ್ರೂರಿ. ಗೆದ್ದವರನ್ನೇ ಕಳ್ಳರೆಂದು ಕರೆದದ್ದು ದಿ ಮೂನ್‌ಸ್ಟೋನ್‌ನ ಹೆಚ್ಚುಗಾರಿಕೆ. ಕಾಲಿನ್ಸ್ 1877ರಲ್ಲಿ ತಾನೇ ಅದನ್ನು ಲಂಡನ್ನಿನ ಒಲಿಂಪಿಕ್ ರಂಗಮಂದಿರಕ್ಕೆ ನಾಟಕವಾಗಿ ಒಗ್ಗಿಸಿದಾಗ ಭಾರತೀಯ ಪಾತ್ರಗಳನ್ನೂ ಅಫೀಮನ್ನೂ ಕೈಬಿಟ್ಟ. ಉಳಿದದ್ದು ಮನೆಯೊಳಗಿನ ಕಳವಷ್ಟೇ. 1934ರಲ್ಲಿ ಅಮೆರಿಕದಲ್ಲಿ ಚಲನಚಿತ್ರವಾಗಿ, 1972, 1996 ಮತ್ತು 2016ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಕಾದಂಬರಿ ಮತ್ತೆ ರೂಪತಳೆದಿದೆ.

ಕನ್ನಡದಲ್ಲಿ ಶ್ರೀರಂಗಪಟ್ಟಣದ ಪತನವನ್ನು ಎದುರು ದಿಕ್ಕಿನಿಂದ ನೋಡಿದ ಮುಖ್ಯ ಕೃತಿ ಗಿರೀಶ ಕಾರ್ನಾಡರ ನಾಟಕ ‘ಟಿಪ್ಪುವಿನ ಕನಸುಗಳು’. ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋದ ಆ ಕನಸುಗಳ ಹೊತ್ತಗೆಯೇ ಅದರ ಆಧಾರ.

ಇಂದಿನ ಸ್ಥಿತಿ

ದಿ ಮೂನ್‌ಸ್ಟೋನ್ ಇಂದಿಗೂ ಅಚ್ಚಿನಲ್ಲಿದೆ. ವಸಾಹತೋತ್ತರ ಅಧ್ಯಯನದಲ್ಲಿ ಆಗಾಗ ಚರ್ಚೆಗೆ ಬರುತ್ತದೆ. ಪೂರ್ವಪೀಠಿಕೆಯ ಊರು ಮಂಡ್ಯ ಜಿಲ್ಲೆಯ ತಾಲೂಕು ಕೇಂದ್ರ. ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆ, ದರಿಯಾ ದೌಲತ್ ಅರಮನೆ, ಗುಂಬಜ್, ಇಂಗ್ಲಿಷ್ ಸೈನಿಕರ ಸ್ಮಶಾನ ಉಳಿದುಕೊಂಡಿವೆ. ಮೈಸೂರು ಸರ್ಕಾರ 1907ರಲ್ಲಿ ಕೋಟೆ ಒಡೆದ ಜಾಗದ ಬಳಿ ಮುತ್ತಿಗೆಯ ನೆನಪಿಗೆ ಸ್ತಂಭವೊಂದನ್ನು ನಿಲ್ಲಿಸಿತು.

ಕಾದಂಬರಿಯ ಕಲ್ಪಿತ ವಜ್ರ ಭಾರತಕ್ಕೆ ಮರಳಿದೆ. ನಿಜವಾದ ವಸ್ತುಗಳಲ್ಲಿ ಬಹುಪಾಲು ಮರಳಿಲ್ಲ. ಹುಲಿಗೊಂಬೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಕನಸುಗಳ ಹೊತ್ತಗೆ ಬ್ರಿಟಿಷ್ ಲೈಬ್ರರಿಯಲ್ಲಿ, ಸಿಂಹಾಸನದ ಹುಲಿತಲೆ ವಿಂಡ್ಸರ್‌ನಲ್ಲಿವೆ. ಟಿಪ್ಪುವಿನ ಮಲಗುವ ಕೋಣೆಯ ಖಡ್ಗ 2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಮುತ್ತಿಗೆಯಲ್ಲಿ ತೋರಿದ ಶೌರ್ಯಕ್ಕಾಗಿ 1799ರಲ್ಲಿ ಸೇನೆ ಆ ಖಡ್ಗವನ್ನು ಕಾಣಿಕೆಯಾಗಿ ಕೊಟ್ಟದ್ದು ಡೇವಿಡ್ ಬೇರ್ಡ್‌ಗೆ.